ಕ್ರಿಸ್ಮಸ್ ರಜೆಯ ಸಿನಿಮಾ: ಹೊಗಳಿಕೆಗೆ ತಕ್ಕವು ಯಾವುವು, ಬರೀ ಹೆಸರಿನವು ಯಾವುವು?

ಓದುಗರ ಪ್ರಶ್ನೆ:

"ಬದಿಯಡ್ಕದ ಹತ್ತಿರ ನಮ್ಮ ಮನೆ. ಮಕ್ಕಳಿಬ್ಬರೂ ಕನ್ನಡ ಮಾಧ್ಯಮ ಶಾಲೆಗೆ ಹೋಗುವವರು. ಮಗಳು ಎಂಟನೆಯ ತರಗತಿ, ಮಗ ಎರಡನೆಯದು. ಕೇರಳದ ಶಾಲೆಯಾದ ಕಾರಣ ಕ್ರಿಸ್ಮಸ್‌ಗೆ ಹತ್ತು ದಿನ ರಜೆ. ಕಳೆದ ವರ್ಷ ಇಂಟರ್ನೆಟ್ಟಿನಲ್ಲಿ ಸಿಕ್ಕಿದ 'ನೋಡಲೇಬೇಕಾದ ಕ್ರಿಸ್ಮಸ್ ಸಿನಿಮಾ'ಗಳ ಪಟ್ಟಿ ಹಿಡಿದು ದಿನಕ್ಕೊಂದರಂತೆ ಹಾಕಿದೆವು. 'ಇಟ್ಸ್ ಎ ವಂಡರ್‌ಫುಲ್ ಲೈಫ್' ಅರ್ಧಕ್ಕೇ ನಿಂತಿತು. 'ಲವ್ ಆ್ಯಕ್ಚುವಲಿ' ಹಾಕಿದ ಸ್ವಲ್ಪ ಹೊತ್ತಿಗೆ ರಿಮೋಟ್ ಹುಡುಕಬೇಕಾಯಿತು, ಅತ್ತೆಯವರು ಪಕ್ಕದಲ್ಲೇ ಕೂತಿದ್ದರು. 'ದ ಪೋಲಾರ್ ಎಕ್ಸ್‌ಪ್ರೆಸ್' ನೋಡಿ ಮಗ ಹೆದರಿದ. ನಮಗೆ ರುಚಿ ಇಲ್ಲವೋ, ಸಿನಿಮಾಗಳೇ ಅಷ್ಟಕ್ಕಷ್ಟೋ? ಅತ್ತೆಯವರಿಗೆ ಕನ್ನಡ, ತುಳು, ಮಲಯಾಳ ತಿಳಿಯುತ್ತದೆ, ಇಂಗ್ಲಿಷ್ ಬರುವುದಿಲ್ಲ. ಕ್ರಿಸ್ಮಸ್ ಸಿನಿಮಾ ಎಂದರೆ ಏಸುವಿನ ಕಥೆ ಎಂದುಕೊಂಡು ಕೂತವರು ಅವರು. ನೆರೆಮನೆಯ ಕೊಂಕಣಿ ಕ್ರೈಸ್ತ ಮಕ್ಕಳೂ ನೋಡಲು ಬರುತ್ತಾರೆ, ಅವರ ಮನಸ್ಸು ನೋಯುವಂಥದ್ದು ಹಾಕಬಾರದು. 'ಡೈ ಹಾರ್ಡ್' ಕೂಡ ಕ್ರಿಸ್ಮಸ್ ಸಿನಿಮಾ ಎಂದು ನನ್ನ ತಮ್ಮನ ವಾದ, ಹೌದೇ? ಈ ಸಲ ವಾಚನಾಲಯದಲ್ಲಿ ಬಾಲವೇದಿಯ ಮಕ್ಕಳಿಗೂ ಒಂದು ಸಿನಿಮಾ ತೋರಿಸಬೇಕೆಂದಿದೆ. ಯಾವುದು ಹಾಕಬಹುದು?"

ಉತ್ತರ:

ನಿಮ್ಮ ರುಚಿಯಲ್ಲಿ ತಪ್ಪೇನಿಲ್ಲ. ನೀವು ಹೆಸರಿಸಿದ ಸಿನಿಮಾಗಳೆಲ್ಲ ಕಳಪೆಯೂ ಅಲ್ಲ. ತೊಂದರೆ ಇರುವುದು ಪಟ್ಟಿಯಲ್ಲಿ. ಅಂಥ ಪಟ್ಟಿ ಮಾಡುವವರು ಹೆಚ್ಚಾಗಿ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಬೆಳೆದವರು, ಪ್ರತಿ ಡಿಸೆಂಬರಿನಲ್ಲೂ ಅದೇ ಸಿನಿಮಾವನ್ನು ಮನೆಯ ಟೀವಿಯಲ್ಲಿ ನೋಡುತ್ತ ದೊಡ್ಡವರಾದವರು. ನಮ್ಮಲ್ಲಿ ಯಕ್ಷಗಾನ ಪ್ರಸಂಗದ ಕಥೆ ಪೂರ್ತಿ ಗೊತ್ತಿದ್ದೂ ಆಟಕ್ಕೆ ಹೋಗಿ ಬೆಳಗಿನವರೆಗೆ ಕೂರುವವರಿದ್ದಾರಲ್ಲ, ಅವರಿಗೆ ಸಿಗುವ ಸುಖದಲ್ಲಿ ಕಥೆಯ ಪಾಲು ಕಡಿಮೆ, ಪರಿಚಯದ ಪಾಲೇ ಹೆಚ್ಚು. ಕ್ರಿಸ್ಮಸ್ ಸಿನಿಮಾಗಳ ಹೊಗಳಿಕೆಯಲ್ಲೂ ಅರ್ಧಪಾಲು ಇದೇ. ಮೊದಲ ಸಲ ನೋಡುವವರಿಗೆ ಆ ಅರ್ಧ ಸಿಗುವುದಿಲ್ಲ. ಬಾಲ್ಯದ ನೆನಪಿನ ನೆರವಿಲ್ಲದೆ ಈ ಸಿನಿಮಾ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಎಂದು ಕೇಳಿಕೊಂಡರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಇದಕ್ಕೆ ಅತ್ಯುತ್ತಮ ಉದಾಹರಣೆ ನೀವು ಅರ್ಧಕ್ಕೆ ನಿಲ್ಲಿಸಿದ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಹುಟ್ಟಿದ ದಿನದಿಂದಲೂ ಅದು ಎಲ್ಲರ ಮೆಚ್ಚಿನದು ಎಂಬ ನಂಬಿಕೆ ಇದೆ. ಅದು ನಿಜವಲ್ಲ. ಫ್ರಾಂಕ್ ಕಾಪ್ರಾ ನಿರ್ದೇಶನದ ಈ ಸಿನಿಮಾ 1946ರ ಡಿಸೆಂಬರಿನಲ್ಲಿ ತೆರೆಗೆ ಬಂತು, ಐದು ಆಸ್ಕರ್ ನಾಮನಿರ್ದೇಶನ ಪಡೆಯಿತು, ಆದರೆ ಹಾಕಿದ ಹಣ ಹುಟ್ಟಲಿಲ್ಲ. ಅಂದಿನ ಅಮೆರಿಕದ ಕಾನೂನಿನಂತೆ ಹಕ್ಕುಸ್ವಾಮ್ಯವನ್ನು 28 ವರ್ಷಕ್ಕೆ ನವೀಕರಿಸಬೇಕಿತ್ತು. 1974ರಲ್ಲಿ ಹಾಗೆ ನವೀಕರಿಸದೆ ಉಳಿಯಿತು. ಟೀವಿ ಕೇಂದ್ರಗಳಿಗೆ ಪುಕ್ಕಟೆ ಸಿಕ್ಕಿದ ಹಾಗಾಯಿತು. ಡಿಸೆಂಬರ್ ಬಂತೆಂದರೆ ಊರೂರಿನ ಚಾನೆಲ್ಲುಗಳೆಲ್ಲ ಅದನ್ನೇ ಹಾಕತೊಡಗಿದವು. ಮೂಲಕಥೆ ಮತ್ತು ಸಂಗೀತದ ಹಕ್ಕುಗಳ ಮೂಲಕ 1993ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್ ಮತ್ತೆ ಹಿಡಿತ ಸಾಧಿಸುವ ಹೊತ್ತಿಗೆ ಒಂದು ತಲೆಮಾರು ಇದನ್ನು ನೋಡಿಯೇ ಬೆಳೆದಿತ್ತು.

ಹಾಗಾದರೆ ಇದು ಬರೀ ಹೆಸರಿನದೇ? ಅಲ್ಲ. ನನ್ನ ಮಟ್ಟಿಗೆ ಇದು ಹೊಗಳಿಕೆಗೆ ಪೂರ್ತಿ ತಕ್ಕ ಸಿನಿಮಾ, ಆದರೆ ನೋಡುವ ಕ್ರಮ ಬೇರೆಯಾಗಬೇಕು. ಒಟ್ಟು 130 ನಿಮಿಷ. ಪಟ್ಟಿಗಳಲ್ಲಿ ವರ್ಣಿಸುವ ಭಾಗ, ಅಂದರೆ ದೇವದೂತ ಬಂದು 'ನೀನು ಹುಟ್ಟದೇ ಇದ್ದಿದ್ದರೆ ಈ ಊರು ಹೇಗಿರುತ್ತಿತ್ತು ನೋಡು' ಎಂದು ತೋರಿಸುವುದು, ಬರುವುದು ನೂರು ನಿಮಿಷದ ಆಸುಪಾಸಿನಲ್ಲಿ. ಅದಕ್ಕೇ ಕಾದು ಕೂತವರಿಗೆ ಮೊದಲಿನದೆಲ್ಲ ಎಳೆದಂತೆ ಅನಿಸುತ್ತದೆ. ಇದನ್ನು ಎರಡು ರಾತ್ರಿಗೆ ಹಂಚಿ. ನಾಯಕ ಜಾರ್ಜ್ ನಡೆಸುವುದು ಬಡವರಿಗೆ ಮನೆಸಾಲ ಕೊಡುವ ಸಣ್ಣ ಸಂಸ್ಥೆಯನ್ನು. ಊರಿನ ಸೇವಾ ಸಹಕಾರಿ ಬ್ಯಾಂಕಿನಂಥದ್ದು ಎಂದರೆ ಅತ್ತೆಯವರಿಗೆ ಕೂಡಲೇ ಹಿಡಿಯುತ್ತದೆ. ಮದುವೆಯ ದಿನವೇ ಠೇವಣಿ ವಾಪಸು ಕೇಳಿ ಜನ ಮುಗಿಬೀಳುತ್ತಾರೆ. ಮಧುಚಂದ್ರಕ್ಕೆಂದು ಇಟ್ಟ ಎರಡು ಸಾವಿರ ಡಾಲರನ್ನು ಹೆಂಡತಿ ಎತ್ತಿ ತೋರಿಸುತ್ತಾಳೆ, ಅವನು ಹಂಚುತ್ತಾನೆ. ಒಬ್ಬ ತನ್ನ ಪೂರ್ತಿ ಮೊತ್ತವೇ ಬೇಕೆಂದು ಹಟ ಹಿಡಿಯುತ್ತಾನೆ. ಕೊನೆಗೆ ಒಬ್ಬ ಹೆಂಗಸು ಸಣ್ಣ ದನಿಯಲ್ಲಿ ಹದಿನೇಳೂವರೆ ಡಾಲರ್ ಸಾಕು ಎನ್ನುತ್ತಾಳೆ. ಜಾರ್ಜನ ಮುಖ ಆಗ ಅರಳುವುದನ್ನು ಮಗಳಿಗೆ ಗಮನಿಸಲು ಹೇಳಿ. ಬಾಗಿಲು ಮುಚ್ಚುವ ಹೊತ್ತಿಗೆ ಅವನ ಕೈಯಲ್ಲಿ ಉಳಿಯುವುದು ಎರಡೇ ಡಾಲರ್. ಅದಾದ ಮೇಲೆ ಸೋರುವ ಹಳೆಮನೆಯಲ್ಲಿ ಅವರಿಬ್ಬರ ಮೊದಲ ರಾತ್ರಿ. ಅಲ್ಲಿಗೆ ಹೆಚ್ಚುಕಡಿಮೆ ಅರ್ಧ. ನಿಲ್ಲಿಸಿ, ಉಳಿದದ್ದು ಮರುದಿನ ನೋಡಿ.

ಎರಡು ಎಚ್ಚರಿಕೆ. ಜಾರ್ಜ್ ಸೇತುವೆಯ ಮೇಲೆ ಜೀವ ಕಳೆದುಕೊಳ್ಳಲು ಹೊರಡುತ್ತಾನೆ, ಆರಂಭದಲ್ಲಿ ಔಷಧಿ ಅಂಗಡಿಯವನು ಹುಡುಗ ಜಾರ್ಜನ ಕಿವಿಯಿಂದ ರಕ್ತ ಬರುವಂತೆ ಹೊಡೆಯುತ್ತಾನೆ. ಎಂಟನೆಯ ತರಗತಿಯ ಮಗಳ ಜೊತೆ ದೊಡ್ಡವರು ಕೂತು ನೋಡಬಹುದು, ಎರಡನೆಯ ತರಗತಿಯ ಮಗನಿಗೆ ಬೇಡ. ಇನ್ನೊಂದು, ಹಾಕುವ ಮೊದಲು ಅವಧಿ ನೋಡಿ. ದೇವದೂತ ತೋರಿಸುವ ಭಾಗವನ್ನೇ ಕತ್ತರಿಸಿದ ಒಂದು ಪ್ರತಿಯೂ ಚಲಾವಣೆಯಲ್ಲಿದೆ. 130 ನಿಮಿಷಕ್ಕಿಂತ ಬಹಳ ಕಡಿಮೆ ತೋರಿಸಿದರೆ ಅದನ್ನು ಮುಟ್ಟಬೇಡಿ. ಬಣ್ಣ ಬಳಿದ ಪ್ರತಿಯೂ ಬೇಡ, ನೆರಳು ಬೆಳಕಿನ ಕೆಲಸವೆಲ್ಲ ಅದರಲ್ಲಿ ಮಂಕಾಗುತ್ತದೆ. ಮಕ್ಕಳಿಗೆ ಹೇಳಲು ಒಂದು ವಿಷಯವಿದೆ. ಅದರಲ್ಲಿ ಕಾಣುವ ಹಿಮವೆಲ್ಲ ಬೇಸಗೆಯಲ್ಲಿ ಮಾಡಿದ್ದು. ಆ ಮೊದಲು ಸಿನಿಮಾದವರು ಬಿಳಿಬಣ್ಣ ಹಚ್ಚಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು. ಅದರ ಮೇಲೆ ನಡೆದರೆ ಕರಕರ ಸದ್ದಾಗಿ ಮಾತು ಕೇಳಿಸುತ್ತಿರಲಿಲ್ಲ. ಇಲ್ಲಿ ಬೆಂಕಿ ಆರಿಸುವ ನೊರೆ, ಸಾಬೂನು, ನೀರು ಬೆರೆಸಿ ಸಿಂಪಡಿಸಿದರು. ಈ ವಿಧಾನಕ್ಕೆ ಅಕಾಡೆಮಿಯ ತಾಂತ್ರಿಕ ಪುರಸ್ಕಾರವೂ ಬಂತು.

ಮಗ ಹೆದರಿದ್ದಕ್ಕೂ ಸರಿಯಾದ ಕಾರಣವಿದೆ. 2004ರ 'ದ ಪೋಲಾರ್ ಎಕ್ಸ್‌ಪ್ರೆಸ್' ಅನ್ನು ನಟರ ಮೈಮುಖಕ್ಕೆ ಗುರುತುಗಳನ್ನು ಅಂಟಿಸಿ, ಚಲನೆಯನ್ನು ಕಂಪ್ಯೂಟರಿಗೆ ಇಳಿಸಿ ಮಾಡಿದರು. ಟಾಮ್ ಹ್ಯಾಂಕ್ಸ್ ಒಬ್ಬರೇ ಹಲವು ಪಾತ್ರ ಮಾಡಿದ್ದಾರೆ. ಆದರೆ ಕಣ್ಣುಗುಡ್ಡೆಯ ಚಲನೆಯನ್ನು ಹಿಡಿಯುವ ವಿಧಾನ ಆಗ ಅವರ ಬಳಿ ಇರಲಿಲ್ಲ. ಮುಖವೆಲ್ಲ ಮನುಷ್ಯರ ಹಾಗೆ, ಕಣ್ಣು ಮಾತ್ರ ಗೊಂಬೆಯ ಹಾಗೆ. ಪೂರ್ತಿ ಗೊಂಬೆಯಾದರೆ ಮಕ್ಕಳು ಹೆದರುವುದಿಲ್ಲ, ಪೂರ್ತಿ ಮನುಷ್ಯನಾದರೂ ಇಲ್ಲ. ಬಹುತೇಕ ಮನುಷ್ಯನಂತಿದ್ದು ಎಲ್ಲೋ ತಪ್ಪಿದರೆ ಅಳುಕು ಹುಟ್ಟುತ್ತದೆ ಎಂದು ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. ಅದಲ್ಲದೆ ಬಿಸಾಡಿದ ಆಟಿಕೆಗಳು ತುಂಬಿದ ರೈಲುಡಬ್ಬಿಯ ದೃಶ್ಯವೂ ಸಣ್ಣ ಮಕ್ಕಳಿಗೆ ಭಾರ. ಈ ಚಿತ್ರದ ಹೆಸರಿನ ದೊಡ್ಡ ಪಾಲು ಬಂದದ್ದು ಐಮ್ಯಾಕ್ಸ್ ಪರದೆಯ ಮೇಲಿನ ತ್ರೀ-ಡಿ ಪ್ರದರ್ಶನದಿಂದ. ಮನೆಯ ಟೀವಿಯಲ್ಲಿ ಆ ಆಕರ್ಷಣೆ ಉಳಿಯುವುದಿಲ್ಲ. ಬರೀ ಹೆಸರಿನವುಗಳಲ್ಲಿ ಇದನ್ನು ಮೊದಲಿಗೇ ಸೇರಿಸುತ್ತೇನೆ.

'ಲವ್ ಆ್ಯಕ್ಚುವಲಿ' (2003) ಕುಟುಂಬದ ಸಿನಿಮಾ ಎಂದು ಯಾರು ಹೇಳಿದರೂ ನಂಬಬೇಡಿ. ಅಮೆರಿಕದಲ್ಲಿ ಅದಕ್ಕೆ 'ಆರ್' ಪ್ರಮಾಣಪತ್ರ, ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆಗಷ್ಟೇ ನೋಡಬಹುದು. 135 ನಿಮಿಷದಲ್ಲಿ ಒಂಬತ್ತು ಹತ್ತು ಕಥೆ ತುರುಕಿದ್ದರಿಂದ ಯಾವುದೂ ಬೇರು ಬಿಡುವುದಿಲ್ಲ. ಗೆಳೆಯನ ಹೆಂಡತಿಗೆ ಬಾಗಿಲಲ್ಲಿ ಫಲಕ ಹಿಡಿದು ಪ್ರೇಮ ಹೇಳುವುದು ಚಂದದ ದೃಶ್ಯವೆಂದು ಹೆಸರಾದದ್ದೇ ನನಗೆ ಸೋಜಿಗ. ಗಂಡನ ಉಡುಗೊರೆ ಬೇರೊಬ್ಬಳಿಗೆ ಹೋಗಿದೆ ಎಂದು ತಿಳಿದ ಎಮ್ಮಾ ಥಾಂಪ್ಸನ್ ಕೋಣೆಯಲ್ಲಿ ಒಬ್ಬಳೇ ಅತ್ತು, ಹಾಸಿಗೆಯ ಹೊದಿಕೆ ಸರಿಮಾಡಿ, ಮಕ್ಕಳೆದುರು ನಗುತ್ತ ಬರುತ್ತಾಳಲ್ಲ, ಆ ಎರಡು ಮೂರು ನಿಮಿಷ ಮಾತ್ರ ನಿಜವಾದ ಸಿನಿಮಾ.

ಇದೇ ಸಾಲಿಗೆ ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. 'ವೈಟ್ ಕ್ರಿಸ್ಮಸ್' (1954) ಹಾಡು ಕುಣಿತಕ್ಕೆ ಸರಿ, ಕಥೆ ತೆಳು. ಆ ಪ್ರಸಿದ್ಧ ಹಾಡು ಈ ಸಿನಿಮಾದ್ದೆಂದು ತಿಳಿದವರಿದ್ದಾರೆ. ಸಿನಿಮಾದಲ್ಲಿ ಅದು ಮೊದಲು ಬಂದದ್ದು 1942ರ 'ಹಾಲಿಡೇ ಇನ್'ನಲ್ಲಿ, ಆಸ್ಕರ್ ಬಂದದ್ದೂ ಆಗಲೇ. 'ಹಾಲಿಡೇ ಇನ್'ನಲ್ಲಿ ಮುಖಕ್ಕೆ ಮಸಿ ಬಳಿದು ಕಪ್ಪುಜನರನ್ನು ಅಣಕಿಸುವ ಒಂದು ಹಾಡಿದೆ, ಮಕ್ಕಳೆದುರು ಹಾಕಬೇಡಿ. 'ಎ ಕ್ರಿಸ್ಮಸ್ ಸ್ಟೋರಿ' (1983) ಅಮೆರಿಕದ ಪಟ್ಟಿಗಳಲ್ಲೆಲ್ಲ ಇರುತ್ತದೆ. 1997ರಿಂದ ಅಲ್ಲಿನ ಒಂದು ಚಾನೆಲ್ ಇದನ್ನು ಇಪ್ಪತ್ತನಾಲ್ಕು ಗಂಟೆ ಬಿಡದೆ ಹಾಕುವ ವಾಡಿಕೆ ಮಾಡಿತು. ಅದರ ನಗೆಯೆಲ್ಲ ಹಿನ್ನೆಲೆಯ ಇಂಗ್ಲಿಷ್ ನಿರೂಪಣೆಯಲ್ಲಿದೆ, ನಿಮ್ಮ ಮನೆಗೆ ಹೊಂದದು. ಜಿಮ್ ಕ್ಯಾರಿಯ 'ಗ್ರಿಂಚ್' (2000) ವೇಷಭೂಷಣದಲ್ಲಿ ಮಹಾ ಕೆಲಸ, ಮೇಕಪ್ಪಿಗೆ ಆಸ್ಕರ್ ಬಂದದ್ದು ನ್ಯಾಯವೇ. ಆದರೆ 1966ರಲ್ಲಿ ಚಕ್ ಜೋನ್ಸ್ 26 ನಿಮಿಷದಲ್ಲಿ ಹೇಳಿದ ಕಾರ್ಟೂನ್ ಕಥೆಯನ್ನು ಇಲ್ಲಿ ಒಂದೂಮುಕ್ಕಾಲು ಗಂಟೆ ಎಳೆದಿದ್ದಾರೆ. ಹಳೆಯದನ್ನೇ ಹಾಕಿ.

ತಮ್ಮನ ವಾದದಲ್ಲಿ ಹುರುಳಿದೆ. 'ಡೈ ಹಾರ್ಡ್' ಬಿಡುಗಡೆಯಾದದ್ದು 1988ರ ಜುಲೈಯಲ್ಲಿ, ಹಾಗಾಗಿ ಅಲ್ಲವೆನ್ನುವವರಿದ್ದಾರೆ. ಬಿಡುಗಡೆಯ ತಿಂಗಳನ್ನು ಲೆಕ್ಕಕ್ಕೆ ಹಿಡಿದರೆ 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಕೂಡ ಕ್ರಿಸ್ಮಸ್ ಸಿನಿಮಾ ಆಗದು, ಅದು ಬಂದದ್ದು 1947ರ ಬೇಸಗೆಯ ಹೊಸ್ತಿಲಲ್ಲಿ. 'ಡೈ ಹಾರ್ಡ್' ಕಥೆ ನಡೆಯುವುದು ಕ್ರಿಸ್ಮಸ್ ಮುನ್ನಾದಿನದ ಕಚೇರಿ ಪಾರ್ಟಿಯಲ್ಲಿ. ಮುನಿಸಿಕೊಂಡ ಹೆಂಡತಿಯ ಬಳಿಗೆ ಗಂಡ ಬರುವುದೂ ಹಬ್ಬದ ಕಾರಣಕ್ಕೇ. ನನ್ನ ಪ್ರಕಾರ ಅದು ಕ್ರಿಸ್ಮಸ್ ಸಿನಿಮಾ, ಒಳ್ಳೆಯ ಸಿನಿಮಾ ಕೂಡ. ಆದರೆ ರಕ್ತ, ಬೈಗುಳ ಧಾರಾಳ. ಮಕ್ಕಳು ಮಲಗಿದ ಮೇಲೆ ತಮ್ಮನೂ ನೀವೂ ನೋಡಬಹುದು.

ಅತ್ತೆಯವರ ನಿರೀಕ್ಷೆ ತಪ್ಪಿದ್ದರಲ್ಲೂ ಅವರ ತಪ್ಪಿಲ್ಲ. ಕ್ರಿಸ್ಮಸ್ ಸಿನಿಮಾಗಳಲ್ಲಿ ಗೋದಲಿ ಒಂದು ಮೂಲೆಯಲ್ಲಿ ಕಂಡರೆ ಹೆಚ್ಚು. ಇವುಗಳ ಮೂಲಪುರುಷ ಚಾರ್ಲ್ಸ್ ಡಿಕನ್ಸ್. 1843ರಲ್ಲಿ ಬಂದ ಅವನ 'ಎ ಕ್ರಿಸ್ಮಸ್ ಕ್ಯಾರಲ್' ಹಾಕಿಕೊಟ್ಟ ಅಚ್ಚೇ ಇಂದಿಗೂ ನಡೆಯುತ್ತಿದೆ: ಕಲ್ಲೆದೆಯ ಒಬ್ಬ ಜಿಪುಣ, ಒಂದು ರಾತ್ರಿ, ಬೆಳಗಾಗುವಷ್ಟರಲ್ಲಿ ಮನಸ್ಸು ಕರಗುವುದು. ಈ ಒಂದು ಮಾತನ್ನು ಮೊದಲೇ ಹೇಳಿ ಕೂರಿಸಿದರೆ ಅವರಿಗೂ ಗೊಂದಲವಿರದು. ಏಸುವಿನ ಜನನದ ಕಥೆಯೇ ಬೇಕೆಂದರೆ 'ದ ನೇಟಿವಿಟಿ ಸ್ಟೋರಿ' (2006, 101 ನಿಮಿಷ) ಇದೆ. ವ್ಯಾಟಿಕನ್‌ನಲ್ಲಿ ಮೊದಲ ಪ್ರದರ್ಶನ ಕಂಡ ಕಥಾಚಿತ್ರ ಅದು. ನೆರೆಮನೆಯ ಮಕ್ಕಳಿಗೆ ಹಿಡಿಸುತ್ತದೆ, ಮೇರಿ ಮತ್ತು ಜೋಸೆಫರ ಬಡ ಸಂಸಾರವನ್ನು ಕತ್ತೆಯ ಬೆನ್ನಿನ ಪ್ರಯಾಣದ ಧೂಳು ಸಮೇತ ತೋರಿಸಿದ್ದಾರೆ. ಆರಂಭದಲ್ಲೇ ಹೆರೋದನ ಸೈನಿಕರು ಕೂಸುಗಳನ್ನು ಕೊಲ್ಲಲು ನುಗ್ಗುವ ದೃಶ್ಯ ಬರುತ್ತದೆ, ಸಣ್ಣವರನ್ನು ಅದು ಕಳೆದ ಮೇಲೆ ಕರೆಯಿರಿ. ಭಾರತದ್ದೇ ಆದರೆ 1978ರ ತೆಲುಗು 'ಕರುಣಾಮಯುಡು' ಹಲವು ಭಾಷೆಗಳಿಗೆ ಡಬ್ ಆಗಿದೆ. ಶಿಲುಬೆಯ ಭಾಗ ದೀರ್ಘವಾದ್ದರಿಂದ ಹಬ್ಬದ ದಿನಕ್ಕಿಂತ ಬೇರೆ ದಿನ ಒಳ್ಳೆಯದು.

ಇನ್ನು ನಿಮ್ಮ ಮನೆಗೆ ನಾನು ಒಪ್ಪಿ ಹೇಳುವಂಥವು. ಮೊದಲನೆಯದು 'ಕ್ಲಾಸ್' (Klaus, 2019, 97 ನಿಮಿಷ), ನೆಟ್‌ಫ್ಲಿಕ್ಸ್‌ನದೇ ನಿರ್ಮಾಣ, ಸ್ಪೇನಿನ ಸೆರ್ಜಿಯೊ ಪಾಬ್ಲೊಸ್ ನಿರ್ದೇಶನ. ಕೈಯಲ್ಲಿ ಬರೆದ ಚಿತ್ರಗಳಿಗೆ ಕಂಪ್ಯೂಟರಿನಿಂದ ಬೆಳಕು ನೆರಳು ಕೊಟ್ಟಿದ್ದಾರೆ, ಹಾಗಾಗಿ 'ಪೋಲಾರ್ ಎಕ್ಸ್‌ಪ್ರೆಸ್'ನ ಅಳುಕು ಇಲ್ಲಿಲ್ಲ. ಸೋಮಾರಿ ಅಂಚೆಯವನೊಬ್ಬನನ್ನು ಅವನ ಅಪ್ಪ ಉತ್ತರದ ಹಿಮದೂರಿಗೆ ಅಟ್ಟುತ್ತಾನೆ, ವರ್ಷದೊಳಗೆ ಆರು ಸಾವಿರ ಕಾಗದ ರವಾನಿಸದಿದ್ದರೆ ಆಸ್ತಿಯಿಲ್ಲ. ಆ ಊರಿನಲ್ಲಿ ಎರಡು ಮನೆತನಗಳ ಹಳೆಯ ಹಗೆ. ಕಾಗದ ಬರೆಯುವವರೇ ಇಲ್ಲ. ಈ ಸಿನಿಮಾದ ಒಂದು ದೃಶ್ಯವನ್ನು ಕಾಸರಗೋಡಿನ ಮಕ್ಕಳು ಬೇರೆಯವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಮಾರ್ಗು ಎಂಬ ಪುಟ್ಟ ಹುಡುಗಿ ಸಾಮಿ ಭಾಷೆಯವಳು. ಅಂಚೆಯವನ ಮುಂದೆ ನಿಂತು ಒಂದೇ ಸಮನೆ ಮಾತಾಡುತ್ತಾಳೆ, ಅವನಿಗೆ ಒಂದಕ್ಷರ ತಿಳಿಯುವುದಿಲ್ಲ. ಅವಳ ಮಾತಿಗೆ ಪರದೆಯ ಕೆಳಗೆ ಅನುವಾದವನ್ನೂ ಹಾಕಿಲ್ಲ, ನೋಡುವವರೂ ಅವನಷ್ಟೇ ಕಕ್ಕಾಬಿಕ್ಕಿ. ಊರಿನ ಟೀಚರಿನ ನೆರವಿನಿಂದ ಅವಳ ಭಾಷೆಯಲ್ಲೇ ಕಾಗದ ಬರೆದ ಮೇಲೆ ಕಥೆಯ ದಾರಿಯೇ ತಿರುಗುತ್ತದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆಯ ನಡುವೆ ಬೆಳೆಯುವ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅತ್ತೆಯವರಿಗೂ ಮಾರ್ಗುವಿನ ಭಾಗಕ್ಕೆ ಅನುವಾದ ಬೇಡ. ಕೊನೆಯಲ್ಲಿ ಒಂದು ಅಗಲಿಕೆ ಇದೆ, ಮೃದುವಾಗಿಯೇ ಇದೆ.

ಎರಡನೆಯದು, ಹೇಳಬೇಕಾದಷ್ಟು ಜನ ಹೇಳದ 'ಆರ್ಥರ್ ಕ್ರಿಸ್ಮಸ್' (2011, 97 ನಿಮಿಷ). ಸಾಂತಾನ ಮನೆತನದ ಕಥೆ. ಅಜ್ಜನಿಗೆ ತನ್ನ ಕಾಲವೇ ಸರಿ, ಅಪ್ಪನಿಗೆ ಯಜಮಾನಿಕೆ ಬಿಡಲು ಮನಸ್ಸಿಲ್ಲ, ಹಿರಿಮಗ ಎಲ್ಲವನ್ನೂ ಯಂತ್ರದ ಲೆಕ್ಕಕ್ಕೆ ತಂದು ಪಟ್ಟಕ್ಕೆ ಕಾಯುತ್ತಿದ್ದಾನೆ, ಕಿರಿಮಗ ಆರ್ಥರ್ ಯಾವ ಲೆಕ್ಕಕ್ಕೂ ಇಲ್ಲದವನು. ಕೋಟ್ಯಂತರ ಉಡುಗೊರೆ ಹಂಚಿ ಮುಗಿದ ಮೇಲೆ ಒಂದು ಹುಡುಗಿಯ ಸೈಕಲ್ ಉಳಿದುಬಿಟ್ಟದ್ದು ಗೊತ್ತಾಗುತ್ತದೆ. ಒಂದು ತಪ್ಪಿದರೇನು ಮಹಾ ಎನ್ನುವವರು ಅಪ್ಪ ಮತ್ತು ಹಿರಿಮಗ, ಆಗದು ಎನ್ನುವವನು ಆರ್ಥರ್. ತರವಾಡಿನ ಊಟದ ಮೇಜಿನ ಜಗಳಗಳನ್ನು ಕಂಡ ಯಾರಿಗೂ ಇದು ಪರದೇಶದ ಕಥೆ ಅನಿಸುವುದಿಲ್ಲ. ಮಾತು ಬಹಳ ವೇಗ, ಮಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಡಿ.

'ಹೋಮ್ ಅಲೋನ್' (1990, 103 ನಿಮಿಷ) ಅದರ ಹೆಸರಿಗೆ ತಕ್ಕದ್ದೇ. ಅದು ಬಾಳಿದ್ದು ಕಳ್ಳರಿಗೆ ಒಡ್ಡಿದ ಬಲೆಗಳಿಂದ ಎಂಬುದು ಅರ್ಧಸತ್ಯ. ಬಲೆಗಳು ಬರುವುದು ಕೊನೆಯ ಕಾಲುಭಾಗದಲ್ಲಿ. ಅದಕ್ಕೆ ಮೊದಲು ಇಗರ್ಜಿಯಲ್ಲಿ ಕೆವಿನ್ ಮತ್ತು ಎಲ್ಲರೂ ಹೆದರುವ ಪಕ್ಕದ ಮನೆಯ ಮುದುಕ ಒಂದೇ ಬೆಂಚಿನಲ್ಲಿ ಕೂತು ಮಾತಾಡುತ್ತಾರೆ. ಮಗನ ಜೊತೆ ಮಾತು ಬಿಟ್ಟ ಅಪ್ಪನಿಗೆ ಎಂಟು ವರ್ಷದ ಹುಡುಗ ಧೈರ್ಯ ಹೇಳುತ್ತಾನೆ. ಅದು ಇಲ್ಲದಿದ್ದರೆ ಉಳಿದದ್ದು ಬರೀ ಹೊಡೆದಾಟ. 1992ರ ಎರಡನೆಯ ಭಾಗಕ್ಕೆ ಆದದ್ದು ಅದೇ, ಊರು ಬದಲಿಸಿ ಅದೇ ಕಥೆ, ಪೆಟ್ಟು ಮಾತ್ರ ಇಮ್ಮಡಿ. ಒಂದು ಎಚ್ಚರ: ಕಾದ ಬಾಗಿಲಹಿಡಿ, ಡಾಂಬರು ಬಳಿದ ಮೆಟ್ಟಿಲ ಮೇಲಿನ ಮೊಳೆ, ಮೇಲಿಂದ ಬೀಳುವ ಇಸ್ತ್ರಿಪೆಟ್ಟಿಗೆ, ಇವನ್ನೆಲ್ಲ ಮಾಡಿ ನೋಡುವ ಆಸೆ ಎರಡನೆಯ ತರಗತಿಯ ಹುಡುಗರಿಗೆ ಬಂದೇ ಬರುತ್ತದೆ. ನಿಜವಾಗಿ ಇಂಥ ಪೆಟ್ಟು ಬಿದ್ದರೆ ಎದ್ದು ಓಡಲಾಗದು ಎಂದು ನೋಡುವಾಗಲೇ ಹೇಳಿ.

ಡಿಕನ್ಸನ ಕಥೆಗೆ 'ದ ಮಪೆಟ್ ಕ್ರಿಸ್ಮಸ್ ಕ್ಯಾರಲ್' (1992) ಮಕ್ಕಳಿಗೆ ಒಳ್ಳೆಯ ಪ್ರವೇಶ. ಸುತ್ತಲೂ ಬಟ್ಟೆಗೊಂಬೆಗಳು, ನಡುವೆ ಮೈಕಲ್ ಕೇನ್ ಮಾತ್ರ ಎದುರಿರುವವರು ಮನುಷ್ಯರೇ ಎಂಬಷ್ಟು ಗಂಭೀರವಾಗಿ ಜಿಪುಣನ ಪಾತ್ರ ಮಾಡಿದ್ದಾರೆ. ಆ ಗಂಭೀರತೆಯಿಂದಲೇ ಸಿನಿಮಾ ಗೆದ್ದದ್ದು. ಮೂರನೆಯ ಭೂತ ಕರಿ ನಿಲುವಂಗಿಯಲ್ಲಿ ಬರುವಾಗ ಕಥೆ ಹೇಳುವ ಗೊಂಬೆಗಳೇ 'ಇದು ಭಯವಾಗುತ್ತದೆ, ಕೊನೆಯಲ್ಲಿ ಸಿಗೋಣ' ಎಂದು ಓಡಿಹೋಗುತ್ತವೆ. ಮಗನೂ ಅವರ ಹಿಂದೆ ಅಡುಗೆಮನೆಗೆ ಹೋಗಿ ಬರಲಿ.

ನಿಮ್ಮಿಬ್ಬರಿಗೇ ಒಂದು ಸಂಜೆ ಸಿಕ್ಕಿದರೆ 1940ರ 'ದ ಶಾಪ್ ಅರೌಂಡ್ ದ ಕಾರ್ನರ್' ನೋಡಿ, 99 ನಿಮಿಷ. ಬುಡಾಪೆಸ್ಟಿನ ಒಂದು ಚರ್ಮದ ಸಾಮಾನಿನ ಅಂಗಡಿ. ಇಬ್ಬರು ಗುಮಾಸ್ತರು ದಿನವಿಡೀ ಜಗಳಾಡುತ್ತಾರೆ, ಹೆಸರು ತಿಳಿಯದೆ ಪರಸ್ಪರ ಪ್ರೇಮಪತ್ರವನ್ನೂ ಬರೆಯುತ್ತಿರುತ್ತಾರೆ. ಹಬ್ಬದ ಹಿಂದಿನ ರಾತ್ರಿ ಒಂಟಿಯಾದ ಅಂಗಡಿಯ ಯಜಮಾನ ಹೊರಗೆ ಹಿಮದಲ್ಲಿ ನಿಂತು, ಹೋಗುವ ಒಬ್ಬೊಬ್ಬರನ್ನೂ ಊಟ ಎಲ್ಲೆಂದು ವಿಚಾರಿಸುತ್ತಾನೆ. ಎಲ್ಲರಿಗೂ ಮನೆಯಿದೆ. ಕೊನೆಗೆ ಹೊಸದಾಗಿ ಸೇರಿದ ಹುಡುಗನಿಗೆ ಯಾರೂ ಇಲ್ಲವೆಂದು ತಿಳಿದಾಗ, ಅವನಿಗೆ ಏನೇನು ಬಡಿಸಬಹುದೆಂದು ಯಜಮಾನ ಉತ್ಸಾಹದಿಂದ ಒಂದೊಂದಾಗಿ ಹೆಸರಿಸುತ್ತ ನಡೆಯುತ್ತಾನೆ. ಎಲ್ಲ ಕ್ರಿಸ್ಮಸ್ ಸಿನಿಮಾಗಳಲ್ಲಿ ನನಗೆ ಅತಿ ಪ್ರಿಯವಾದ ದೃಶ್ಯ ಇದು. ನಡುವೆ ಆತ್ಮಹತ್ಯೆಯ ಪ್ರಯತ್ನವೊಂದು ಬರುತ್ತದೆ, ತೆರೆಯ ಮೇಲೆ ತೋರಿಸುವುದಿಲ್ಲ.

ನೀವು ಭಾಷೆಯ ವಿಷಯ ಕೇಳಿದ್ದೀರಿ. ಇಂಗ್ಲಿಷ್ ಕ್ರಿಸ್ಮಸ್ ಸಿನಿಮಾಗಳಿಗೆ ಕನ್ನಡ ಧ್ವನಿ ಸಿಗುವುದು ಅಪರೂಪ. ಹಾಕುವ ಮೊದಲು ಧ್ವನಿಪಟ್ಟಿಯಲ್ಲಿ ಯಾವ ಭಾಷೆಗಳಿವೆ ಎಂದು ನೋಡಿಕೊಳ್ಳಿ. ಅತ್ತೆಯವರಿಗೆ ಸುಲಭವಾದ ದಾರಿ ಮಾತೇ ಬೇಡದ ಚಿತ್ರಗಳು. 'ದ ಸ್ನೋಮ್ಯಾನ್' (1982) 26 ನಿಮಿಷದ ಬ್ರಿಟಿಷ್ ಚಿತ್ರ, ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದಂತಿದೆ. ಆರಂಭದ ನಾಲ್ಕು ಮಾತು, ನಡುವೆ ಒಂದು ಹಾಡು ಬಿಟ್ಟರೆ ಸಂಭಾಷಣೆಯೇ ಇಲ್ಲ. ಕೊನೆಗೆ ಹಿಮದ ಮನುಷ್ಯ ಕರಗಿಹೋಗುತ್ತಾನೆ, ಮಗ ಅತ್ತರೆ ಅಳಲಿ. 'ಶಾನ್ ದ ಶೀಪ್: ದ ಫ್ಲೈಟ್ ಬಿಫೋರ್ ಕ್ರಿಸ್ಮಸ್' (2021) ಅರ್ಧ ಗಂಟೆ, ಮಾತಿನ ಬದಲು ಬ್ಯಾ ಬ್ಯಾ ಮತ್ತು ಗೊಣಗಾಟ. 1992ರ 'ಮೆರ್ರಿ ಕ್ರಿಸ್ಮಸ್, ಮಿಸ್ಟರ್ ಬೀನ್' ಸಂಚಿಕೆ ಎಲ್ಲ ವಯಸ್ಸಿಗೂ ನಡೆಯುತ್ತದೆ. ಆದರೆ ಅದರಲ್ಲಿ ಬೀನ್ ಅಂಗಡಿಯ ಗೋದಲಿಯೊಳಗೆ ಯುದ್ಧ ಟ್ಯಾಂಕು, ಡೈನೋಸಾರ್ ತಂದು ಆಡುತ್ತಾನೆ. ಸಾಮಾನ್ಯವಾಗಿ ನಕ್ಕುಬಿಡುತ್ತಾರೆ, ಆದರೂ ನೆರೆಯ ಮಕ್ಕಳ ತಂದೆತಾಯಿಗೆ ಮೊದಲೇ ಒಂದು ಮಾತು ಹೇಳಿಡುವುದು ಮರ್ಯಾದೆ. ಸಾಂತಾ ಇದ್ದಾನೆಂದೇ ನಂಬಿದ ಸಣ್ಣವರು ಅವರಲ್ಲಿದ್ದರೆ 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಬೇಡ. ಸಾಂತಾ ನಿಜವೋ ಸುಳ್ಳೋ ಎಂಬುದೇ ಅದರಲ್ಲಿ ನ್ಯಾಯಾಲಯದ ಮೊಕದ್ದಮೆ.

ಕನ್ನಡ ಧ್ವನಿಯಲ್ಲೇ ಬೇಕೆಂದರೆ ಮಲಯಾಳದ 'ಮಿನ್ನಲ್ ಮುರಳಿ' ಇದೆ. ನೆಟ್‌ಫ್ಲಿಕ್ಸ್‌ನಲ್ಲಿ 2021ರ ಡಿಸೆಂಬರ್ 24ರಂದು ಬಂತು, ಕನ್ನಡಕ್ಕೆ ಡಬ್ ಆಗಿದೆ. ಅತ್ತೆಯವರು ಮೂಲ ಮಲಯಾಳದಲ್ಲೇ ನೋಡಬಹುದು. ಹಳ್ಳಿಯ ಇಬ್ಬರಿಗೆ ಸಿಡಿಲು ಬಡಿದು ಶಕ್ತಿ ಬರುವುದು ಕ್ರಿಸ್ಮಸ್ ಮುನ್ನಾದಿನದ ರಾತ್ರಿ. ಖಳನ ಪಾತ್ರದಲ್ಲಿ ಗುರು ಸೋಮಸುಂದರಂ ಅವರ ನಟನೆಗಾಗಿಯೇ ನೋಡಬಹುದು, ಊರು ಹೊರಗಿಟ್ಟ ಮನುಷ್ಯನ ನೋವು ಹಾಗೆ ಬಂದಿದೆ. 158 ನಿಮಿಷ, ಬೆಂಕಿ ಮತ್ತು ಸಾವುಗಳಿವೆ, ಮಗಳ ವಯಸ್ಸಿನವರಿಗೆ ಸರಿ.

ಟೀವಿಯಲ್ಲಿ ಎರಡು ಮೂರು ಬದಲಾವಣೆ ಮಾಡಿಕೊಳ್ಳಿ, ಹಳೆಯ ಸಿನಿಮಾಗಳು ಬೇಸರ ಬರಿಸುವುದಕ್ಕೆ ಇವೂ ಕಾರಣ. ಸಿನಿಮಾ ಚಿತ್ರೀಕರಿಸುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಹೊಸ ಟೀವಿಗಳು ನಡುವೆ ಕೃತಕ ಚೌಕಟ್ಟು ಸೇರಿಸಿ ಧಾರಾವಾಹಿಯ ಹಾಗೆ ಮಾಡಿಬಿಡುತ್ತವೆ. ಸೆಟ್ಟಿಂಗ್ಸಿನಲ್ಲಿ ಎಲ್‌ಜಿಯಾದರೆ 'ಟ್ರೂಮೋಷನ್', ಸೋನಿಯಾದರೆ 'ಮೋಷನ್‌ಫ್ಲೋ' ಎಂದಿರುತ್ತದೆ, ಅದನ್ನು ಆಫ್ ಮಾಡಿ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದನ್ನೇ ಒತ್ತಿ. ಕಪ್ಪುಬಿಳುಪಿನ ಚಿತ್ರಗಳಿಗೆ ಎಡಬಲದಲ್ಲಿ ಕಪ್ಪು ಪಟ್ಟಿ ಬರುವುದು ಸಹಜ. ಪರದೆ ತುಂಬಲೆಂದು ಎಳೆದರೆ ಮುಖಗಳೆಲ್ಲ ಅಗಲವಾಗುತ್ತವೆ. ಮಾತು ಕೇಳಿಸದೆ ಸಂಗೀತ ಮಾತ್ರ ಅಬ್ಬರಿಸಿದರೆ ಧ್ವನಿಯನ್ನು 5.1 ಬದಲು ಸ್ಟೀರಿಯೊಗೆ ಹಾಕಿ. ನೆಟ್‌ವರ್ಕ್ ಕೈಕೊಡುವ ಜಾಗವಾದರೆ ಹಗಲಲ್ಲೇ ಒಮ್ಮೆ ಹಾಕಿ ಪರೀಕ್ಷಿಸಿ, ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ ಸುಮಾರು 3 ಜಿಬಿವರೆಗೆ ಡೇಟಾ ಹೋಗುತ್ತದೆ. ದಿನಕ್ಕೊಂದು ಸಿನಿಮಾ ಎಂಬ ಹಟ ಬಿಡಿ. ಹತ್ತು ದಿನಕ್ಕೆ ನಾಲ್ಕು ದೊಡ್ಡವು, ನಡುವೆ ಕಿರುಚಿತ್ರಗಳು ಧಾರಾಳವಾಯಿತು. 24ರ ರಾತ್ರಿ ನೆರೆಯವರಿಗೆ ಇಗರ್ಜಿಯ ಬಲಿಪೂಜೆ, ಮರುದಿನ ನೆಂಟರು. ಅವರ ಮಕ್ಕಳನ್ನು ಕರೆಯಲು 26ರ ಸಂಜೆ ಸರಿಯಾದ ಹೊತ್ತು.

ವಾಚನಾಲಯದ ಪ್ರದರ್ಶನಕ್ಕೆ ಮಾತ್ರ ಬೇರೆ ಲೆಕ್ಕ. ಒಟಿಟಿ ಚಂದಾ ಇರುವುದು ಮನೆಮಂದಿಯ ಬಳಕೆಗೆ. ಟಿಕೆಟ್ ಇಲ್ಲದಿದ್ದರೂ ಸಾರ್ವಜನಿಕರಿಗೆ ತೋರಿಸಲು ಹಕ್ಕುದಾರರ ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿಯಿದೆ. ಶಾಲೆಯ ಚಟುವಟಿಕೆಯಾಗಿ, ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರ ಮುಂದೆ ಮಾತ್ರ ತೋರಿಸಬಹುದು. ಅದು ಕಾಯಿದೆಯ ಮಾತು, ಒಟಿಟಿಯ ಷರತ್ತು ಬೇರೆಯೇ. ಹಾಗಾಗಿ ಡಿವಿಡಿ ಬಳಸುವುದು ಮೇಲು. ವಾಚನಾಲಯದಲ್ಲೇ ಆಗಬೇಕೆಂದರೆ ಚಾರ್ಲಿ ಚಾಪ್ಲಿನ್‌ನ 'ದ ಗೋಲ್ಡ್ ರಷ್' ಸೂಚಿಸುತ್ತೇನೆ, 1925ರ ಮೂಕಿ ಪ್ರತಿ, ಸುಮಾರು ಒಂದೂವರೆ ಗಂಟೆ. ಅಮೆರಿಕದಲ್ಲಿ 2021ರಿಂದ ಅದು ಸಾರ್ವಜನಿಕ ಸ್ವತ್ತು. ಭಾರತದಲ್ಲಿ ಚಲನಚಿತ್ರದ ಹಕ್ಕು ಪ್ರಕಟವಾದ ಮೇಲೆ 60 ವರ್ಷಕ್ಕೆ ಮುಗಿಯುತ್ತದೆ. 1942ರಲ್ಲಿ ಚಾಪ್ಲಿನ್ ತನ್ನದೇ ನಿರೂಪಣೆ ಮತ್ತು ಸಂಗೀತ ಸೇರಿಸಿ ಮರುಬಿಡುಗಡೆ ಮಾಡಿದ ಪ್ರತಿ ಬೇಡ, ಅದರ ಸಂಗೀತದ ಹಕ್ಕು ಇನ್ನೂ ಇದೆ. ಹೊಸದಾಗಿ ಸಂಗೀತ ಕೂಡಿಸಿದ ಪ್ರತಿಯಾದರೆ ಧ್ವನಿ ಮುಚ್ಚಿಬಿಡಿ, ಊರಿನಲ್ಲಿ ಹಾರ್ಮೋನಿಯಂ ನುಡಿಸುವವರನ್ನು ಕರೆದು ಕೂರಿಸಿ.

ಹಸಿವಿಗೆ ಬೂಟು ಬೇಯಿಸಿ ತಿನ್ನುವುದು, ಕಮರಿಯ ಅಂಚಿಗೆ ಜಾರಿದ ಗುಡಿಸಲು ಅತ್ತಿತ್ತ ತೂಗುವುದು, ಹೊಸ ವರ್ಷದ ಮುನ್ನಾರಾತ್ರಿ ಬಾರದ ಅತಿಥಿಗಳಿಗೆ ಮೇಜು ಸಿಂಗರಿಸಿ ಕಾದವನು ಕನಸಿನಲ್ಲಿ ಎರಡು ಬ್ರೆಡ್ಡಿಗೆ ಫೋರ್ಕು ಚುಚ್ಚಿ ಕುಣಿಸುವುದು, ಇವಕ್ಕೆ ಯಾವ ಭಾಷೆಯೂ ಬೇಡ. ಡಿಸೆಂಬರ್ 30 ಅಥವಾ 31ರ ಸಂಜೆ, ಕತ್ತಲಾದ ಮೇಲೆ ಇಡಿ. ಸುಕ್ಕಿಲ್ಲದ ಬಿಳಿ ಪಂಚೆಯ ಹಿಂದೆ ಕಪ್ಪುಬಟ್ಟೆ ಕಟ್ಟಿದರೆ ಬೆಳಕು ಸೋರುವುದಿಲ್ಲ. ನಡುನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳನ್ನು ಮಗಳು ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಂಡು ಮೈಕಿನಲ್ಲಿ ಓದಲಿ. ಫಲಕ ನಿಲ್ಲುವುದು ಕೆಲವೇ ಸೆಕೆಂಡು, ಆದ್ದರಿಂದ ವಾಕ್ಯಗಳು ಚಿಕ್ಕದಿರಬೇಕು. ಮನೆಯಲ್ಲಿ ಒಮ್ಮೆ ಪೂರ್ತಿ ಓಡಿಸಿ ಅಭ್ಯಾಸ ಮಾಡಿಸಿ.